ಐದು ಮೇಷ್ಟ್ರು, ಮೂರು ಕ್ಲಾಸು, ನಲವತ್ತು ಪಿರಿಯಡ್ಡು

ಮಕ್ಕಳು ಕಡಿಮೆ, ಹಾಗಾಗಿ ಕೆಲಸವೂ ಕಡಿಮೆ. ಸಣ್ಣ ಹೈಸ್ಕೂಲಿನ ವಿಚಾರ ಬಂದಾಗ ಹೊರಗಿನವರು ಮೊದಲು ಆಡುವ ಮಾತು ಇದು. ಉತ್ತರ ಪತ್ರಿಕೆ ತಿದ್ದುವುದರ ಮಟ್ಟಿಗೆ ನಿಜ ಕೂಡ. ಉಳಿದೆಲ್ಲದರಲ್ಲೂ ಲೆಕ್ಕ ತಲೆಕೆಳಗು. ಎಂಟು, ಒಂಬತ್ತು, ಹತ್ತು ಅಂತ ಮೂರು ತರಗತಿ, ಒಂದೊಂದಕ್ಕೆ ಒಂದೇ ಸೆಕ್ಷನ್, ಸೆಕ್ಷನ್ನಿಗೆ ಹದಿನೈದೋ ಇಪ್ಪತ್ತೋ ಮಕ್ಕಳು. ಇಂಥ ಶಾಲೆಯಲ್ಲಿ ಯಾವ ವಿಷಯ ಎಷ್ಟು ಹೊತ್ತು, ಯಾರಿಂದ, ಯಾವ ಕ್ರಮದಲ್ಲಿ ಕಲಿಸಲಾಗುತ್ತದೆ ಎನ್ನುವುದನ್ನು ಪಠ್ಯಕ್ರಮಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ವೇಳಾಪಟ್ಟಿ.

ಒಂದು ಲೆಕ್ಕವನ್ನೇ ಹಿಡಿದುಕೊಂಡು ಹೋಗೋಣ. ವಾರಕ್ಕೆ 5 ದಿನ, ದಿನಕ್ಕೆ 40 ನಿಮಿಷದ 8 ಪಿರಿಯಡ್. ಒಂದು ತರಗತಿಗೆ 40, ಮೂರಕ್ಕೂ ಸೇರಿ 120. ಪ್ರತಿ ತರಗತಿಗೆ ಮೊದಲ ಭಾಷೆ 6, ಎರಡನೇ ಭಾಷೆ 5, ಗಣಿತ 6, ವಿಜ್ಞಾನ 7, ಸಮಾಜ ವಿಜ್ಞಾನ 6, ದೈಹಿಕ ಶಿಕ್ಷಣ 3, ಕಲೆ 2, ಕಂಪ್ಯೂಟರ್ 2, ಐಚ್ಛಿಕ 2, ಗ್ರಂಥಾಲಯ 1 ಎಂದು ಇಟ್ಟರೆ 40 ಸರಿಹೋಯಿತು. ಇದನ್ನು ಐದು ಜನ ಹಂಚಿಕೊಳ್ಳಬೇಕು. ಮೊದಲ ಭಾಷೆಯವರು ಭಾಷೆಯ 18ರ ಜೊತೆ ಗ್ರಂಥಾಲಯದ 3, ಐಚ್ಛಿಕದ 2 ಸೇರಿಸಿ 23. ಎರಡನೇ ಭಾಷೆಯವರ 15ಕ್ಕೆ ದೈಹಿಕ ಶಿಕ್ಷಣದ 9 ಕೂಡಿ 24. ಗಣಿತದವರಿಗೆ 18 ಮತ್ತು ಕಂಪ್ಯೂಟರ್ 6, ಅಲ್ಲಿಗೆ 24. ವಿಜ್ಞಾನದವರಿಗೆ 21 ಮತ್ತು ಐಚ್ಛಿಕ 2, ಒಟ್ಟು 23. ಸಮಾಜ ವಿಜ್ಞಾನದವರಿಗೆ 18, ಕಲೆ 6, ಐಚ್ಛಿಕ 2, ಒಟ್ಟು 26. ಕೂಡಿದರೆ 120.

ವಾರಕ್ಕೆ 24 ಪಿರಿಯಡ್ ಎನ್ನುವುದು ದೊಡ್ಡ ಶಾಲೆಯ ಮೇಷ್ಟ್ರಿಗೂ ಇರುವ ಹೊರೆಯೇ. ಆದರೆ ಅಲ್ಲಿ ಎಂಟನೆಯ ತರಗತಿಗೇ ನಾಲ್ಕು ಸೆಕ್ಷನ್ ಇದ್ದರೆ, ಗಣಿತದ ಒಬ್ಬರು ಆ ನಾಲ್ಕಕ್ಕೂ ಹೋಗಿ 6 ಪಾಠವನ್ನು ನಾಲ್ಕು ನಾಲ್ಕು ಸಲ ಮಾಡುತ್ತಾರೆ. ತಯಾರಿ ಮಾಡಬೇಕಾದದ್ದು 6 ಪಾಠಕ್ಕೆ. ಸಣ್ಣ ಶಾಲೆಯಲ್ಲಿ 24 ಪಿರಿಯಡ್ ಎಂದರೆ 24 ಬೇರೆ ಬೇರೆ ಪಾಠ. ಪಾಠವೊಂದಕ್ಕೆ ಅರ್ಧ ಗಂಟೆ ತಯಾರಿ ಎಂದಿಟ್ಟುಕೊಂಡರೂ ಅಲ್ಲಿ 3 ಗಂಟೆ, ಇಲ್ಲಿ 12 ಗಂಟೆ. ಇನ್ನೊಂದು ನಷ್ಟ ಯಾರ ಲೆಕ್ಕಕ್ಕೂ ಸಿಗದು. ದೊಡ್ಡ ಶಾಲೆಯಲ್ಲಿ ಎ ಸೆಕ್ಷನ್ನಿನಲ್ಲಿ ಎಡವಿದ ಉದಾಹರಣೆ ಬಿ ಸೆಕ್ಷನ್ನಿಗೆ ಹೋಗುವಷ್ಟರಲ್ಲಿ ಸರಿಯಾಗಿರುತ್ತದೆ, ಡಿ ಸೆಕ್ಷನ್ನಿನವರಿಗೆ ಪಾಠ ನೀರು ಕುಡಿದಷ್ಟು ಸಲೀಸು. ಸಣ್ಣ ಶಾಲೆಯಲ್ಲಿ ಪ್ರತಿ ಪಾಠವೂ ಎ ಸೆಕ್ಷನ್ನೇ. ಕೆಟ್ಟ ಪಾಠವನ್ನು ತಿದ್ದಿಕೊಳ್ಳುವ ಅವಕಾಶ ಬರುವುದು ಮುಂದಿನ ವರ್ಷ, ಅಷ್ಟು ಹೊತ್ತಿಗೆ ಏನು ಕೆಟ್ಟಿತ್ತು ಎನ್ನುವುದೇ ಮರೆತಿರುತ್ತದೆ. ಪಾಠ ಮುಗಿದ ದಿನವೇ ತಯಾರಿ ಪುಸ್ತಕದ ಅಂಚಿನಲ್ಲಿ ಎರಡು ಸಾಲು ಬರೆದಿಡುವುದೊಂದೇ ಇದಕ್ಕೆ ಮದ್ದು. ಎಲ್ಲಿ ನಿಂತಿತು, ಯಾವ ಪ್ರಶ್ನೆಗೆ ಇಡೀ ತರಗತಿ ಸುಮ್ಮನಾಯಿತು, ಅಷ್ಟು ಸಾಕು. ಇಲಾಖೆಗೆ ತೋರಿಸಲು ಬರೆಯುವ ಅಚ್ಚುಕಟ್ಟಾದ ಪಾಠಯೋಜನೆಗಿಂತ ಈ ಅಂಚಿನ ಗೀಚು ಹತ್ತು ಪಟ್ಟು ಬೆಲೆಬಾಳುತ್ತದೆ.

ಅಮೆರಿಕದಲ್ಲಿ 1959ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಜೇಮ್ಸ್ ಕೊನಂಟ್ ಹೈಸ್ಕೂಲುಗಳ ಕುರಿತ ತಮ್ಮ ವರದಿಯಲ್ಲಿ, ಕೊನೆಯ ತರಗತಿಯಲ್ಲಿ 100 ಮಕ್ಕಳಾದರೂ ಇಲ್ಲದ ಶಾಲೆ ವಿಷಯ ವೈವಿಧ್ಯ ಕೊಡಲಾರದು, ಅಂಥವನ್ನು ಸೇರಿಸಿ ದೊಡ್ಡದು ಮಾಡಿ ಎಂದರು. ಐದೇ ವರ್ಷ ಕಳೆದು, 1964ರಲ್ಲಿ, ಮನೋವಿಜ್ಞಾನಿಗಳಾದ ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಅಲ್ಲಿನ ಕಾನ್ಸಾಸ್ ರಾಜ್ಯದ ಶಾಲೆಗಳನ್ನು ಹೋಲಿಸಿ ನೋಡಿದ್ದನ್ನು ಪ್ರಕಟಿಸಿದರು. ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳ ಸಂಖ್ಯೆ ಹೆಚ್ಚು, ಆದರೆ ಸಣ್ಣ ಶಾಲೆಯ ಹುಡುಗ ಹುಡುಗಿಯರು ತಾವೇ ಜವಾಬ್ದಾರಿ ಹೊತ್ತು ಪಾಲ್ಗೊಳ್ಳುವುದು ಹೆಚ್ಚು. ನಾಟಕಕ್ಕೆ ಹನ್ನೆರಡು ಪಾತ್ರ ಬೇಕು, ತರಗತಿಯಲ್ಲಿ ಇರುವುದೇ ಹದಿನಾಲ್ಕು ಜನ ಎಂದಾಗ ಯಾರೂ ಮೂಲೆಯಲ್ಲಿ ಕೂರಲಾಗುವುದಿಲ್ಲ. ಎರಡೂ ಕಡೆಯವರು ತಪ್ಪು ಹೇಳಲಿಲ್ಲ. ಕೊನಂಟ್ ವಿಷಯಗಳ ಪಟ್ಟಿ ನೋಡಿದರು, ಬಾರ್ಕರ್ ಮತ್ತು ಗಂಪ್ ಪಟ್ಟಿಯೊಳಗೆ ನಿಂತ ಮಕ್ಕಳನ್ನು ನೋಡಿದರು.

ವೇಳಾಪಟ್ಟಿಗೆ ವಾಪಸ್ ಬರೋಣ, ಏಕೆಂದರೆ ಸಣ್ಣ ಶಾಲೆಯ ಅರ್ಧ ಜಗಳ ಹುಟ್ಟುವುದು ಅಲ್ಲಿಯೇ. ಬಹಳ ಕಡೆ ಮಾಡುವ ತಪ್ಪೆಂದರೆ ಮೊದಲು ಎಂಟನೆಯ ತರಗತಿಯದನ್ನು ಪೂರ್ತಿ ತುಂಬಿಸಿ, ಆಮೇಲೆ ಒಂಬತ್ತು, ಕೊನೆಗೆ ಹತ್ತು ಎಂದು ಇಳಿಯುವುದು. ಹೀಗೆ ಮಾಡಿದರೆ ಪರೀಕ್ಷೆ ಎದುರಿಸುವ ಹತ್ತನೆಯವರಿಗೆ ಅಳಿದುಳಿದ ಪಿರಿಯಡ್ಡುಗಳು ಸಿಗುತ್ತವೆ. ಗಣಿತ ಒಂದೇ ದಿನ ಮೂರು ಸಲ, ಮತ್ತೆ ಎರಡು ದಿನ ಇಲ್ಲವೇ ಇಲ್ಲ. ತುಂಬಬೇಕಾದದ್ದು ತರಗತಿಯ ಲೆಕ್ಕದಲ್ಲಲ್ಲ, ಬಿಗಿಯ ಲೆಕ್ಕದಲ್ಲಿ. ಯಾವುದು ಅಲ್ಲಾಡುವುದಿಲ್ಲವೋ ಅದು ಮೊದಲು ಕೂರಬೇಕು. ಯಾರಾದರೂ ವಾರಕ್ಕೆ ಎರಡೇ ದಿನ ಬರುವವರಿದ್ದರೆ ಅವರದು ಮೊದಲು. ನಂತರ ಐಚ್ಛಿಕದ ಎರಡು ಪಿರಿಯಡ್, ಮೂರೂ ತರಗತಿಗೆ ಒಂದೇ ಹೊತ್ತಿಗೆ (ಕಾರಣ ಮುಂದೆ ಬರುತ್ತದೆ). ನಂತರ ಪ್ರಾಕ್ಟಿಕಲ್ಲಿನ ಜೋಡಿ ಪಿರಿಯಡ್ಡುಗಳು, ತರಗತಿಗೊಂದರಂತೆ ಮೂರು. ಆಮೇಲೆ ಗಣಿತ, ಮೊದಲ ಭಾಷೆ. ಇವು ವಾರಕ್ಕೆ 6 ಇರುವುದರಿಂದ ದಿನಕ್ಕೊಂದು ಇಟ್ಟು, ಒಂದು ದಿನ ಮಾತ್ರ ಎರಡಾಗುತ್ತದೆ. ವಾರಕ್ಕೆ ಎರಡೇ ಸಲ ಬರುವ ವಿಷಯಗಳನ್ನು ಸೋಮವಾರ ಮಂಗಳವಾರ ಅಂತ ಅಕ್ಕಪಕ್ಕ ಇಡಬಾರದು. ಹಾಗೆ ಇಟ್ಟರೆ ಮುಂದಿನ ಪಿರಿಯಡ್ಡಿಗೆ ಆರು ದಿನದ ಅಂತರ ಬೀಳುತ್ತದೆ. ಕಲಿತದ್ದು ಮೊದಲ ಕೆಲವು ದಿನಗಳಲ್ಲೇ ಅತಿ ವೇಗವಾಗಿ ಜಾರುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದ. ಸೋಮವಾರ, ಗುರುವಾರ ಎಂದಿಟ್ಟರೆ ಅರ್ಧ ಸಮಸ್ಯೆ ತಾನಾಗಿಯೇ ಕರಗುತ್ತದೆ.

ಕಂಪ್ಯೂಟರಿನಲ್ಲಿ ಮಾಡುವುದಕ್ಕಿಂತ ಬಣ್ಣದ ಚೀಟಿಗಳಲ್ಲಿ ಮಾಡುವುದು ನನಗೆ ಸರಿ ಕಾಣುತ್ತದೆ. 120 ಚೀಟಿ, ಮೇಷ್ಟ್ರಿಗೊಂದು ಬಣ್ಣ. ದೊಡ್ಡ ಹಾಳೆಯಲ್ಲಿ ತರಗತಿಗೊಂದರಂತೆ ಮೂರು ಅಡ್ಡಸಾಲು, ಪಿರಿಯಡ್ಡಿಗೊಂದರಂತೆ 40 ಉದ್ದಸಾಲು. ಒಂದು ಉದ್ದಸಾಲಿನ ಮೂರು ಚೀಟಿಗಳು ಮೂರು ಬಣ್ಣದವಾಗಿರಬೇಕು, ನಿಯಮ ಅಷ್ಟೇ. ಎಂಟಕ್ಕೂ ಒಂಬತ್ತಕ್ಕೂ ಒಂದೇ ಹೊತ್ತಿನಲ್ಲಿ ಗಣಿತ ಬಿತ್ತು ಅನ್ನಿ. ಆಗ ಗಣಿತದವರ ಬಣ್ಣವೇ ಇಲ್ಲದ, ಬೇರೆ ತೊಡಕೂ ಇಲ್ಲದ ಇನ್ನೊಂದು ಉದ್ದಸಾಲನ್ನು ಹುಡುಕಿ, ಒಂಬತ್ತರ ಎರಡು ಚೀಟಿಗಳನ್ನು ಅದಲುಬದಲು ಮಾಡಿ. ಹಾಗೆ ಬಂದ ಹೊಸ ಚೀಟಿ ಹತ್ತನೆಯದರ ಬಣ್ಣಕ್ಕೆ ತಾಕಿದರೆ, ಅದೇ ಎರಡು ಉದ್ದಸಾಲುಗಳ ನಡುವೆ ಹತ್ತರ ಚೀಟಿಗಳನ್ನೂ ಅದಲುಬದಲು ಮಾಡಿ. ಮೂರೇ ತರಗತಿ ಇರುವುದರಿಂದ ಇದು ಎರಡನೆಯ ಹೆಜ್ಜೆಗೇ ಮುಗಿಯುತ್ತದೆ, ಮುಂದಕ್ಕೆ ಹರಿಯುವುದಿಲ್ಲ. ಕೈಗೆ ಸಿಕ್ಕ ಚೀಟಿಯನ್ನು ಕೈಗೆ ಸಿಕ್ಕ ಕಡೆ ಹಾಕುತ್ತಾ ಹೋದರೆ ಸಂಜೆಯವರೆಗೂ ಮುಗಿಯದು.

ಇದರ ಹಿಂದಿನ ಗಣಿತ ಹಳೆಯದು. ಹಂಗೇರಿಯ ಗಣಿತಜ್ಞ ಡೇನೆಶ್ ಕ್ಯೋನಿಗ್ 1916ರಲ್ಲಿ ಸಾಧಿಸಿದ ಪ್ರಮೇಯವನ್ನು ಶಾಲೆಯ ಮಾತಿನಲ್ಲಿ ಹೇಳುವುದಾದರೆ, ಯಾವ ತರಗತಿಗೂ ಯಾವ ಮೇಷ್ಟ್ರಿಗೂ 40ಕ್ಕಿಂತ ಹೆಚ್ಚು ಪಿರಿಯಡ್ ಇಲ್ಲದಿದ್ದರೆ, 40 ಪಿರಿಯಡ್ಡಿನಲ್ಲಿ ತಾಕಲಾಟವಿಲ್ಲದ ವೇಳಾಪಟ್ಟಿ ಇದ್ದೇ ಇರುತ್ತದೆ. ಹಾಗಾದರೆ ಕಷ್ಟ ಬರುವುದೆಲ್ಲಿಂದ? "ನಾನು ಬುಧವಾರ ಮಧ್ಯಾಹ್ನ ಇರುವುದಿಲ್ಲ" ಎಂಬ ಮಾತಿನಿಂದ. 1976ರಲ್ಲಿ ಗಣಕ ವಿಜ್ಞಾನಿಗಳಾದ ಶಿಮೊನ್ ಈವನ್, ಅಲೋನ್ ಇತಾಯ್, ಆದಿ ಶಮೀರ್ ತೋರಿಸಿದ್ದು ಅದನ್ನೇ. ಯಾರು ಯಾವ ಹೊತ್ತಿಗೆ ಸಿಗುವುದಿಲ್ಲ ಎಂಬ ಷರತ್ತುಗಳು ಸೇರಿದ ಕ್ಷಣ, ವೇಳಾಪಟ್ಟಿ ಗಣಕ ವಿಜ್ಞಾನದ ಅತಿ ಕಠಿಣ ಲೆಕ್ಕಗಳ ಗುಂಪಿಗೆ ಸೇರಿಬಿಡುತ್ತದೆ. ಆದ್ದರಿಂದ ಷರತ್ತುಗಳನ್ನು ಕೇಳುವ ಮೊದಲು ಎಷ್ಟು ಷರತ್ತಿಗೆ ಅವಕಾಶವಿದೆ ಎಂದು ಹೇಳಿಬಿಡುವುದು ಜಾಣತನ. ಒಬ್ಬರಿಗೆ ಒಂದು, ಅಷ್ಟೇ.

ಈ ಲೆಕ್ಕದಲ್ಲಿ ಯಾವ ಹೊತ್ತಿಗೆ ನೋಡಿದರೂ ಐವರಲ್ಲಿ ಮೂವರು ಪಾಠದಲ್ಲಿ, ಇಬ್ಬರು ಬಿಡುವಿನಲ್ಲಿ ಇರುತ್ತಾರೆ. ಒಬ್ಬರು ರಜೆ ಹಾಕಿದರೆ ಬದಲಿ ತರಗತಿ ಸುಲಭ. ಇಬ್ಬರು ಹಾಕಿದರೆ ಉಳಿದ ಮೂವರು ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ನಿಂತೇ ಇರಬೇಕು. ಮೂವರಾದರೆ ಎರಡು ತರಗತಿ ಒಂದೇ ಕೋಣೆಗೆ. ಬದಲಿ ಪಿರಿಯಡ್ ಹಾಳಾಗುವುದು ಒಂದೇ ಮಾತಿನಿಂದ: "ಓದಿಕೊಳ್ಳಿ." ಪ್ರತಿಯೊಬ್ಬರೂ ತರಗತಿಗೆ ಮೂರರಂತೆ ಬದಲಿ ಪಾಠಗಳನ್ನು ವರ್ಷದ ಮೊದಲೇ ಫೈಲಿನಲ್ಲಿ ಇಟ್ಟಿರಬೇಕು. ಅವು ಆಗ ನಡೆಯುತ್ತಿರುವ ಅಧ್ಯಾಯಕ್ಕೆ ಅಂಟಿಕೊಂಡಿರಬಾರದು, ಆ ವಿಷಯ ಗೊತ್ತಿಲ್ಲದವರೂ ನಡೆಸುವಂತಿರಬೇಕು. ನಕ್ಷೆ ಕೊಟ್ಟು ದೂರ ಅಳೆಯುವ ಕೆಲಸ, ಹತ್ತು ಲೆಕ್ಕ ಮತ್ತು ಹಿಂಬದಿಯಲ್ಲಿ ಉತ್ತರ, ಒಂದು ಪುಟದ ಗದ್ಯ ಮತ್ತು ನಾಲ್ಕು ಪ್ರಶ್ನೆ. ಬಳಸಿದ್ದರ ಜಾಗಕ್ಕೆ ಹೊಸದನ್ನು ಅದೇ ವಾರ ಸೇರಿಸದಿದ್ದರೆ ಮೂರು ತಿಂಗಳಲ್ಲಿ ಫೈಲು ಖಾಲಿ ರಟ್ಟು.

ಐಚ್ಛಿಕದ ಮಾತು ಬಾಕಿ ಉಳಿಯಿತು. ತರಗತಿಗೆ 2ರಂತೆ ಒಟ್ಟು 6 ಪಿರಿಯಡ್. ಇವನ್ನು ತರಗತಿಗೊಂದು ಬೇರೆ ಹೊತ್ತಿನಲ್ಲಿ ಇಟ್ಟರೆ ಎಂಟರವರಿಗೆ ಸಿಗುವ ಆಯ್ಕೆ ಒಂದೇ, ಅಂದರೆ ಅದು ಐಚ್ಛಿಕವೇ ಅಲ್ಲ. ಅದೇ 6 ಪಿರಿಯಡ್ಡುಗಳನ್ನು ಮೂರೂ ತರಗತಿಗೆ ಒಂದೇ ಹೊತ್ತಿಗೆ ಜೋಡಿಸಿ, ಮೂವರು ಮೇಷ್ಟ್ರು ಮೂರು ಕೋಣೆಯಲ್ಲಿ ಮೂರು ವಿಷಯ ಹಿಡಿದು ಕೂತರೆ, ಒಬ್ಬ ಮೇಷ್ಟ್ರಿಗೂ ಒಂದು ನಿಮಿಷದ ಹೊರೆ ಹೆಚ್ಚದೆ ಎಲ್ಲ ಮಕ್ಕಳಿಗೂ ಮೂರು ಆಯ್ಕೆ ಸಿಗುತ್ತದೆ. ಎಂಟರವನೂ ಹತ್ತರವಳೂ ಒಂದೇ ಬೆಂಚಿನಲ್ಲಿ. ಮೂರು ವರ್ಷದಲ್ಲಿ ಮೂರನ್ನೂ ಮುಗಿಸಬಹುದು. ಇದಕ್ಕೆ ಒಂದು ಷರತ್ತಿದೆ. ವಿಷಯ ಹಿಂದಿನ ವರ್ಷದ ಕಲಿಕೆಯ ಮೇಲೆ ನಿಂತಿರಬಾರದು. ಖಗೋಳ ವೀಕ್ಷಣೆ, ಭಾಷಣ ಕಲೆ, ಸುತ್ತಲಿನ ಸಸ್ಯಗಳ ಗುರುತು, ಮರಗೆಲಸ ಆಗುತ್ತವೆ. ಮೂರು ವರ್ಷ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕಾದ ಹೊಸ ಭಾಷೆಯೊಂದು ಆಗುವುದಿಲ್ಲ. ಅಂಥದ್ದನ್ನು ಆನ್‌ಲೈನ್ ಕೋರ್ಸಿಗೆ ಬಿಡಬಹುದು, ಆದರೆ ಆ ಪಿರಿಯಡ್ಡಿಗೂ ಕೋಣೆಯಲ್ಲಿ ಒಬ್ಬ ಹಿರಿಯರು ಕೂತು, ಯಾರು ಎಲ್ಲಿ ನಿಂತಿದ್ದಾರೆ ಎಂದು ವಾರವಾರ ನೋಡಬೇಕು. ಪರದೆಯ ಮುಂದೆ ಒಂಟಿಯಾಗಿ ಕೂರಿಸಿದ ಮಗು ಮೂರನೆಯ ವಾರಕ್ಕೆ ಬೇರೇನೋ ನೋಡುತ್ತಿರುತ್ತದೆ.

ಒಂಬತ್ತು ಮತ್ತು ಹತ್ತನ್ನು ಕೂಡಿಸಿ ಎರಡು ವರ್ಷದ ಸರದಿ ಮಾಡುವುದು ಇನ್ನೊಂದು ದಾರಿ. ಈ ವರ್ಷ ಇಬ್ಬರಿಗೂ ಇತಿಹಾಸ, ಮುಂದಿನ ವರ್ಷ ಇಬ್ಬರಿಗೂ ಭೂಗೋಳ ಮತ್ತು ಅರ್ಥಶಾಸ್ತ್ರ. ಸಮಾಜ ವಿಜ್ಞಾನದವರ ಹೊರೆ 26ರಿಂದ 20ಕ್ಕೆ ಇಳಿಯುತ್ತದೆ. ಸಾಹಿತ್ಯಕ್ಕೂ ಇದು ಒಗ್ಗುತ್ತದೆ. ಗಣಿತಕ್ಕೆ ಖಂಡಿತ ಒಗ್ಗುವುದಿಲ್ಲ. ಕೆಡುವ ಜಾಗಗಳು ಮೂರು. ಹತ್ತರ ಕೊನೆಯಲ್ಲಿ ಹೊರಗಿನ ಪರೀಕ್ಷೆ ಆ ವರ್ಷದ ಪುಸ್ತಕವನ್ನೇ ಕೇಳುವುದಾದರೆ ಸರದಿ ಕೈಕೊಡುತ್ತದೆ. ನಡುವೆ ಬೇರೆ ಶಾಲೆಯಿಂದ ಬಂದ ಮಗುವಿಗೆ ಒಂದು ಭಾಗ ಎರಡು ಸಲ, ಇನ್ನೊಂದು ಶೂನ್ಯ. ಮೂರನೆಯದು ತಮಾಷೆಯಂತೆ ಕೇಳಿದರೂ ನಡೆಯುವಂಥದ್ದು: ಮೇಷ್ಟ್ರು ಬದಲಾಗಿ, ಹೊಸಬರು ಕಳೆದ ವರ್ಷದ ಭಾಗವನ್ನೇ ಮತ್ತೆ ಶುರುಮಾಡುವುದು. ಮುಂದಿನ ನಾಲ್ಕು ವರ್ಷಕ್ಕೆ ಯಾವ ವರ್ಷ ಯಾವ ಭಾಗ ಎಂದು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿಬಿಟ್ಟರೆ ಇದು ತಪ್ಪುತ್ತದೆ.

ಕೂಡಿಸಲಾಗದ ಎರಡು ತರಗತಿಗಳನ್ನು ಅನಿವಾರ್ಯವಾಗಿ ಒಂದೇ ಕೋಣೆಯಲ್ಲಿ ನಡೆಸುವಾಗ, ಎರಡು ಎದುರುಬದುರು ಗೋಡೆಗಳಿಗೆ ಎರಡು ಬೋರ್ಡು, ಮಕ್ಕಳ ಬೆನ್ನಿಗೆ ಬೆನ್ನು. 40 ನಿಮಿಷದಲ್ಲಿ ಒಬ್ಬರಿಗೆ 16, ಇನ್ನೊಬ್ಬರಿಗೆ 16, ಉಳಿದ 8 ಹೊರಳಾಟಕ್ಕೆ. ಎರಡಕ್ಕೂ ಒಂದೇ ದಿನ ಹೊಸ ಪಾಠ ಶುರುಮಾಡಿದರೆ ಎರಡೂ ಕೆಡುತ್ತವೆ. ಬರೆಯಲು ಕೊಟ್ಟ ಕೆಲಸ 16 ನಿಮಿಷದ್ದು ಎಂದು ನೀವು ಅಂದುಕೊಂಡಿದ್ದು ಚುರುಕಾದವರಿಗೆ 7 ನಿಮಿಷದಲ್ಲಿ ಮುಗಿಯುತ್ತದೆ, ಗಲಾಟೆ ಶುರುವಾಗುವುದು ಆಗಲೇ. ಆದ್ದರಿಂದ ಬೋರ್ಡಿನ ಮೇಲೆ ಮೂರು ಪದರ ಇರಲಿ. ಎಲ್ಲರೂ ಮಾಡಬೇಕಾದದ್ದು, ಮುಗಿಸಿದವರು ಮಾಡಬೇಕಾದದ್ದು, ಅದನ್ನೂ ಮುಗಿಸಿದವರು ಪಕ್ಕದವರ ಪುಸ್ತಕದಲ್ಲಿ ಏನು ನೋಡಬೇಕು ಎನ್ನುವುದು. ಇಷ್ಟನ್ನೂ ಪಿರಿಯಡ್ ಶುರುವಾಗುವ ಮೊದಲೇ ಬರೆದಿರಬೇಕು.

ಇಷ್ಟು ಹೊತ್ತು ಹೇಳಿದ್ದೆಲ್ಲ ಕೊರತೆಯ ನಿರ್ವಹಣೆ. ಸಣ್ಣ ಶಾಲೆಗೆ ನಿಜವಾಗಿ ಕೈಗೂಡುವ, ದೊಡ್ಡ ಶಾಲೆಗೆ ಬಹುತೇಕ ದಕ್ಕದ ಒಂದು ಸಂಗತಿ ಬೇರೆ ಇದೆ. ಐದೂ ವಿಷಯದವರು ಒಂದೇ ಮೇಜಿನ ಸುತ್ತ ಕೂರುತ್ತಾರೆ. ಹಾಗಾಗಿ ವಿಷಯಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಬಹುದು.

ಭೌತ ವಿಜ್ಞಾನದಲ್ಲಿ ಮಕ್ಕಳು ಎಡವುವ ಕಡೆಗಳನ್ನು ಪಟ್ಟಿ ಮಾಡಿದರೆ ಅರ್ಧಕ್ಕರ್ಧ ಗಣಿತದ ಜಾಗಗಳು. ಮಸೂರದ ಸೂತ್ರವೂ ಸಮಾಂತರ ಜೋಡಣೆಯ ರೋಧವೂ ಮಕ್ಕಳಿಗೆ ಬೇರೆ ಬೇರೆ ಅಧ್ಯಾಯ. ಎರಡರಲ್ಲೂ ತೊಡಕು ಒಂದೇ: 1/2, 1/3 ಥರ ಒಂದನ್ನು ಇನ್ನೊಂದು ಸಂಖ್ಯೆಯಿಂದ ಭಾಗಿಸಿದ ಭಿನ್ನರಾಶಿಗಳನ್ನು ಕೂಡಿಸಿ, ಕೊನೆಯಲ್ಲಿ ತಲೆಕೆಳಗು ಮಾಡಲು ಮರೆಯುವುದು. 2 ಓಮ್ ಮತ್ತು 3 ಓಮ್ ಸಮಾಂತರದಲ್ಲಿದ್ದರೆ ಉತ್ತರ 5/6 ಎಂದು ಬರೆದು ನಿಲ್ಲಿಸಿದ ಮಗುವಿಗೆ ವಿದ್ಯುತ್ತು ಅರ್ಥವಾಗಿಲ್ಲ ಎನ್ನಬೇಡಿ. ಅದು 6/5 ಮಾಡುವುದನ್ನು ಮರೆತಿದೆ, ಅಷ್ಟೇ. ರಾಸಾಯನಿಕ ಸಮೀಕರಣ ಸರಿದೂಗಿಸುವುದರ ಹಿಂದೆ ಲ.ಸಾ.ಅ. ಇದೆ. ನಕ್ಷೆಯ ಮಾಪಕದ ಹಿಂದೆ ಅನುಪಾತ ಇದೆ. 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆ, 1 ಡಿಗ್ರಿಗೆ 4 ನಿಮಿಷ ಎನ್ನುವುದು 360ನ್ನು 24ರಿಂದ ಭಾಗಿಸುವ ಲೆಕ್ಕ. ವೇಗ-ಕಾಲ ನಕ್ಷೆಯ ಇಳಿಜಾರು ಗಣಿತದ ಸರಳ ರೇಖೆಯ ಇಳಿಜಾರೇ. ಬೆಳಕಿನ ವಕ್ರೀಭವನಕ್ಕೆ ಸೈನ್ ಬೇಕು, ಆದರೆ ತ್ರಿಕೋನಮಿತಿ ಗಣಿತದ ಪುಸ್ತಕದ ಹಿಂಭಾಗದಲ್ಲಿ ಕೂತಿರುತ್ತದೆ.

ದೊಡ್ಡ ಶಾಲೆಯಲ್ಲಿ ಅಧ್ಯಾಯದ ಕ್ರಮ ಬದಲಿಸಬೇಕೆಂದರೆ ಹತ್ತು ಜನ ಗಣಿತದವರು ಒಪ್ಪಬೇಕು, ಮಧ್ಯಾವಧಿ ಪರೀಕ್ಷೆಯ ಪತ್ರಿಕೆ ಬದಲಾಗಬೇಕು. ಸಣ್ಣ ಶಾಲೆಯಲ್ಲಿ ಇಬ್ಬರ ಮಾತು ಸಾಕು. ವರ್ಷದ ಆರಂಭದಲ್ಲಿ ಒಂದು ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ಅಧ್ಯಾಯಗಳನ್ನು ಚೀಟಿಯಲ್ಲಿ ಬರೆದು, ತಿಂಗಳುಗಳ ಪಟ್ಟಿಯ ಮೇಲೆ ಹರಡಿ, ಯಾವುದಕ್ಕೆ ಯಾವುದು ಮೊದಲು ಬೇಕು ಎಂದು ಬಾಣ ಎಳೆಯಬೇಕು. ಬಾಣ ಹಿಂದಕ್ಕೆ ಹೋದ ಕಡೆಯೆಲ್ಲ ಒಂದು ಅಧ್ಯಾಯ ಜಾಗ ಬದಲಿಸಬೇಕು. ಅದು ಆಗದಿದ್ದರೆ ಗಣಿತದವರು ಎರಡು ಪಿರಿಯಡ್ಡಿನ ಮುಂಗಡ ಕಂತು ಕೊಡಬೇಕು. ಸೈನ್ ಎಂದರೆ ಲಂಬಕೋನ ತ್ರಿಭುಜದಲ್ಲಿ ಕೋನದ ಎದುರು ಬಾಹುವನ್ನು ವಿಕರ್ಣದಿಂದ ಭಾಗಿಸಿದ್ದು, ಇಷ್ಟನ್ನು ಅಳತೆಪಟ್ಟಿ ಹಿಡಿದು ಕಲಿತರೆ ವಕ್ರೀಭವನಕ್ಕೆ ಸಾಕು.

ಇದಕ್ಕೆ ಒಳ್ಳೆಯ ಉದಾಹರಣೆ ಲೋಲಕ. ಖರ್ಚೇ ಇಲ್ಲದ ಪ್ರಯೋಗ. ದಾರ, ಕಲ್ಲು, ಸೆಕೆಂಡ್ ತೋರಿಸುವ ಗಡಿಯಾರ. ಉದ್ದವನ್ನು ಕಟ್ಟಿದ ಬಿಂದುವಿನಿಂದ ಕಲ್ಲಿನ ನಡುಮಧ್ಯದವರೆಗೆ ಅಳೆಯಬೇಕು. ಗಂಟಿನವರೆಗೆ ಅಳೆಯುವುದೇ ಮೊದಲ ತಪ್ಪು. ಒಂದು ಆಂದೋಲನವನ್ನು ಅಳೆದರೆ ಬೆರಳಿನ ತಡವರಿಕೆ 0.2 ಸೆಕೆಂಡ್ ಆದರೂ ಬರುತ್ತದೆ. 20 ಆಂದೋಲನ ಎಣಿಸಿ 20ರಿಂದ ಭಾಗಿಸಿದರೆ ಅದೇ ತಪ್ಪು 0.01ಕ್ಕೆ ಇಳಿಯುತ್ತದೆ. ಎಣಿಸುವಾಗ ಬಿಟ್ಟ ಕ್ಷಣವನ್ನು "ಒಂದು" ಎನ್ನುವ ಗುಂಪು 19ನ್ನು ಎಣಿಸಿ 20ರಿಂದ ಭಾಗಿಸಿರುತ್ತದೆ. ಬಿಟ್ಟಾಗ "ಸೊನ್ನೆ" ಎನ್ನಬೇಕು. ತೂಗು ಸಣ್ಣದಿರಲಿ, 10 ಡಿಗ್ರಿ ದಾಟಬಾರದು. 25 ಸೆಂ.ಮೀ.ಗೆ ಸುಮಾರು 1.00 ಸೆಕೆಂಡ್, 50ಕ್ಕೆ 1.42, 75ಕ್ಕೆ 1.74, 100ಕ್ಕೆ 2.01 ಬರಬೇಕು. ಉದ್ದ ನಾಲ್ಕು ಪಟ್ಟಾದಾಗ ಕಾಲ ಎರಡೇ ಪಟ್ಟಾದದ್ದು ಯಾಕೆ ಎಂದು ಮಕ್ಕಳು ಕೇಳುವ ಹೊತ್ತಿಗೆ ವಿಜ್ಞಾನದ ಪಿರಿಯಡ್ ಮುಗಿಯುತ್ತದೆ, ಮುಗಿಯಲಿ. ಮರುದಿನ ಗಣಿತದಲ್ಲಿ ಅದೇ ಅಂಕಿಗಳಿಂದ ನಕ್ಷೆ. ಕಾಲ ಮತ್ತು ಉದ್ದ ಹಾಕಿದರೆ ಬಾಗಿದ ಗೆರೆ, ಕಾಲದ ವರ್ಗ ಮತ್ತು ಉದ್ದ ಹಾಕಿದರೆ ನೇರ ಗೆರೆ. ಕಂಪ್ಯೂಟರ್ ಪಿರಿಯಡ್ಡಿನಲ್ಲಿ ಅದೇ ಅಂಕಿಗಳು ಸ್ಪ್ರೆಡ್‌ಶೀಟಿಗೆ. ಒಂದು ದತ್ತಾಂಶ, ಮೂರು ಪಾಠದ ತಯಾರಿ. ಆ 12 ಗಂಟೆ ಇಳಿಯುವುದು ಹೀಗೆ, ಮತ್ತು ನನಗೆ ಗೊತ್ತಿರುವಂತೆ ಹೀಗೆ ಮಾತ್ರ.

ಪ್ರಾಕ್ಟಿಕಲ್ಲಿಗೆ ಸಾಮಾನು ಸಾಲದು ಎಂಬ ದೂರಿನಲ್ಲಿ ನಿಜವಿದೆ, ಆದರೆ ಪೂರ್ತಿ ನಿಜವಿಲ್ಲ. ಸೂಕ್ಷ್ಮದರ್ಶಕ ಒಂದೇ ಇದ್ದರೆ ಅದರ ಮುಂದೆ ಇಪ್ಪತ್ತು ಜನರ ಸಾಲು ನಿಲ್ಲಿಸಬೇಡಿ. 80 ನಿಮಿಷದ ಜೋಡಿ ಪಿರಿಯಡ್ಡನ್ನು ಐದು ಮೇಜುಗಳಾಗಿ ಒಡೆಯಿರಿ. ಮೇಜಿಗೆ ನಾಲ್ವರು, 14 ನಿಮಿಷಕ್ಕೊಮ್ಮೆ ಗಂಟೆ, ಕೊನೆಯ 10 ನಿಮಿಷ ಒರೆಸಿ ಎತ್ತಿಡಲು. ಒಂದು ಮೇಜಿನಲ್ಲಿ ಸೂಕ್ಷ್ಮದರ್ಶಕ, ಒಂದರಲ್ಲಿ ಈರುಳ್ಳಿ ಸಿಪ್ಪೆಯ ಸ್ಲೈಡ್ ತಯಾರಿ, ಒಂದರಲ್ಲಿ ಚಿತ್ರ ಗುರುತಿಸುವುದು, ಒಂದರಲ್ಲಿ ಅಳತೆಯ ಲೆಕ್ಕ, ಒಂದರಲ್ಲಿ ಓದು. ಒಂದು ಮೇಜಿನ ಕೆಲಸ ಇನ್ನೊಂದು ಮೇಜಿನದನ್ನು ಮುಗಿಸಿಯೇ ಮಾಡಬೇಕಾದದ್ದಾಗಿದ್ದರೆ ಈ ಏರ್ಪಾಡು ಬಿದ್ದುಹೋಗುತ್ತದೆ. ಆದ್ದರಿಂದ ಸೂಕ್ಷ್ಮದರ್ಶಕದ ಕೆಳಗೆ ಒಂದು ಸಿದ್ಧ ಸ್ಲೈಡ್ ಮೊದಲೇ ಇಟ್ಟಿರಬೇಕು.

ರಾಸಾಯನಿಕಗಳಲ್ಲಿ ಎಡವುವುದು ಪ್ರಮಾಣದಲ್ಲಿ. ಆಮ್ಲ-ಪ್ರತ್ಯಾಮ್ಲದ ಅನುಮಾಪನಕ್ಕೆ (ಒಂದಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬೆರೆಸಿ ಸಾಂದ್ರತೆ ಕಂಡುಹಿಡಿಯುವುದು) 6 ಗುಂಪು, ಗುಂಪಿಗೆ 3 ಸಲ, ಸಲಕ್ಕೆ 10 ಮಿ.ಲೀ. ಎಂದರೆ 180 ಮಿ.ಲೀ. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ. ತೊಳೆಯಲು, ಚೆಲ್ಲಲು ಗುಂಪಿಗೆ 10 ಸೇರಿಸಿದರೆ 240. ಸರಿಯಾಗಿ 250 ಮಾಡಿಟ್ಟರೆ ಕೊನೆಯ ಗುಂಪಿಗೆ ಖಂಡಿತ ಕೊರತೆ, 500 ಮಾಡಬೇಕು. 0.1 ಮೋಲಾರ್ ದ್ರಾವಣಕ್ಕೆ 500 ಮಿ.ಲೀ.ಗೆ 2 ಗ್ರಾಂ. ಡಬ್ಬಿ ತೆರೆದಿಟ್ಟಷ್ಟು ಹೊತ್ತೂ ಅದರ ಗುಳಿಗೆಗಳು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರುವುದರಿಂದ 2 ಗ್ರಾಂ ನಿಜಕ್ಕೂ 2 ಗ್ರಾಂ ಆಗಿರುವುದಿಲ್ಲ. ಗುಂಪುಗಳ ಉತ್ತರ ಒಂದಕ್ಕೊಂದು ಹೊಂದಿ ಪುಸ್ತಕದ ಉತ್ತರಕ್ಕೆ ಮಾತ್ರ ಹೊಂದದಿದ್ದರೆ ತಪ್ಪು ಮಕ್ಕಳದಲ್ಲ, ಡಬ್ಬಿಯದು. ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 12 ಮೋಲಾರ್, ಹಾಗಾಗಿ 0.1 ಮೋಲಾರ್ ಆಮ್ಲದ ದ್ರಾವಣ 500 ಮಿ.ಲೀ. ಮಾಡಲು 4.2 ಮಿ.ಲೀ. ಸಾಕು. ನೀರಿಗೆ ಆಮ್ಲ, ಎಂದಿಗೂ ಆಮ್ಲಕ್ಕೆ ನೀರಲ್ಲ. ಈ ಕೆಲಸ ಮೇಷ್ಟ್ರದೇ, ಹಿಂದಿನ ದಿನವೇ, ಕನ್ನಡಕ ಹಾಕಿಕೊಂಡು. ವಿದ್ಯುತ್ತಿನ ಪ್ರಯೋಗದಲ್ಲಿ ಮಲ್ಟಿಮೀಟರ್ ಕೆಟ್ಟಿತು ಎಂದು ಮೂಲೆಗೆ ಹಾಕುವ ಮೊದಲು ಒಳಗಿನ ಫ್ಯೂಸ್ ನೋಡಿ. ಪ್ರವಾಹ ಅಳೆಯುವ ಸ್ಥಾನದಲ್ಲಿಟ್ಟು ಕೋಶದ ಎರಡು ತುದಿಗೆ ನೇರ ತಾಗಿಸಿದ ಮಗು ಪ್ರತಿ ವರ್ಷ ಒಂದಾದರೂ ಇರುತ್ತದೆ.

ಅಂಕಗಳ ವಿಚಾರದಲ್ಲಿ ಸಣ್ಣ ಸಂಖ್ಯೆ ದೊಡ್ಡ ಮೋಸ ಮಾಡುತ್ತದೆ. 12 ಮಕ್ಕಳಿರುವ ತರಗತಿಯಲ್ಲಿ ಒಬ್ಬರು ಎಂದರೆ ಶೇ. 8.3. ಒಂದು ವರ್ಷ 11 ಜನ ಪಾಸು, ಮುಂದಿನ ವರ್ಷ 9 ಜನ ಎಂದರೆ ಶೇ. 91.7ರಿಂದ 75ಕ್ಕೆ ಕುಸಿತ. ಸಭೆಯಲ್ಲಿ ಇದನ್ನು ಅವನತಿ ಎನ್ನುತ್ತಾರೆ. ಇಬ್ಬರು ಮಕ್ಕಳ ಮನೆಯಲ್ಲಿ ಏನು ನಡೆದಿತ್ತು ಎನ್ನುವುದೇ ಪೂರ್ತಿ ವಿವರಣೆಯಾಗಿರಬಹುದು. 60 ಅಂಕ ತೆಗೆಯುವ ಒಬ್ಬಳು ಪರೀಕ್ಷೆಗೆ ಬಾರದೆ ಸೊನ್ನೆ ಬಿದ್ದರೆ ತರಗತಿಯ ಸರಾಸರಿ 5 ಅಂಕ ಇಳಿಯುತ್ತದೆ. ಶೇಕಡಾವಾರು ಬಿಟ್ಟು ಒಂದು ಹಾಳೆಯಲ್ಲಿ 12 ಅಡ್ಡಸಾಲು, ಪ್ರಶ್ನೆಗೊಂದು ಉದ್ದಸಾಲು ಎಳೆದು ಸರಿ-ತಪ್ಪು ಗುರುತಿಸಿ. ಅಡ್ಡಸಾಲು ಪೂರ್ತಿ ತಪ್ಪಾಗಿದ್ದರೆ ಆ ಮಗುವಿನೊಡನೆ ಕೂತು ಮಾತಾಡಬೇಕು. ಉದ್ದಸಾಲು ಪೂರ್ತಿ ತಪ್ಪಾಗಿದ್ದರೆ ಕಲಿಸಿದ್ದು ತಲುಪಿಲ್ಲ, ಮತ್ತೆ ಕಲಿಸಬೇಕು. ಹನ್ನೆರಡೇ ಉತ್ತರ ಪತ್ರಿಕೆ ಇರುವುದರಿಂದ ಇದು ಅರ್ಧ ಗಂಟೆಯ ಕೆಲಸ.

ಒಂದೇ ಮೇಷ್ಟ್ರು ಮೂರು ವರ್ಷ ಕಲಿಸುವುದರಲ್ಲಿ ಸೊಗಸೂ ಇದೆ, ಅಪಾಯವೂ ಇದೆ. ಎಂಟರಲ್ಲಿ ಭಿನ್ನರಾಶಿ ಯಾರಿಗೆ ಕೈಕೊಟ್ಟಿತ್ತು ಎಂದು ಹತ್ತರಲ್ಲಿ ಹೇಳಬೇಕಿಲ್ಲ, ಗೊತ್ತಿರುತ್ತದೆ. ಆದರೆ ಗಣಿತದವರಿಗೆ ರೇಖಾಗಣಿತ ಅಷ್ಟಕ್ಕಷ್ಟೇ ಎಂದರೆ ಆ ಮಗುವಿಗೆ ಮೂರು ವರ್ಷವೂ ಅಷ್ಟಕ್ಕಷ್ಟೇ. "ಇವಳಿಗೆ ಲೆಕ್ಕ ಬರುವುದಿಲ್ಲ" ಎಂಬ ಹಣೆಪಟ್ಟಿ ಎಂಟರಲ್ಲಿ ಅಂಟಿದರೆ ಕೀಳುವವರು ಯಾರೂ ಇಲ್ಲ, ಓಡಿಹೋಗಲು ಇನ್ನೊಂದು ಸೆಕ್ಷನ್ನೂ ಇಲ್ಲ. ಹತ್ತಿರದ ಇನ್ನೊಂದು ಶಾಲೆಯೊಡನೆ ವರ್ಷಕ್ಕೆರಡು ಸಲ ಪ್ರಶ್ನೆಪತ್ರಿಕೆ ಅದಲುಬದಲು ಮಾಡಿಕೊಳ್ಳುವುದು ಮೊದಲನೆಯದಕ್ಕೆ ಔಷಧ. ತಾವು ಬಿಟ್ಟುಬಿಡುವ ಭಾಗದಿಂದ ಪ್ರಶ್ನೆ ಬಂದಾಗ ಬಣ್ಣ ಬಯಲಾಗುತ್ತದೆ. ಎರಡನೆಯದಕ್ಕೆ ಹೆಸರಿನ ಚೀಟಿಗಳ ಡಬ್ಬಿ. ಪ್ರಶ್ನೆ ಮೊದಲು ಕೇಳಿ, ಹತ್ತು ಎಣಿಸುವಷ್ಟು ಕಾದು, ಆಮೇಲೆ ಚೀಟಿ ಎತ್ತುವುದು. ಕೈಯೆತ್ತುವ ಆ ಮೂವರಿಗೇ ಕೇಳುವ ಚಾಳಿ ತಪ್ಪಲು ಇದಕ್ಕಿಂತ ಸರಳ ಉಪಾಯ ಕಂಡಿಲ್ಲ.

ದೈಹಿಕ ಶಿಕ್ಷಣ, ಕಲೆ, ಗ್ರಂಥಾಲಯ, ಈ ಮೂರು ಪಿರಿಯಡ್ಡುಗಳು ಸಾಲ ಕೊಡುವ ಅಂಗಡಿಗಳಂತೆ. ಗಣಿತ ಉಳಿಯಿತೇ, ಅಲ್ಲಿಂದ ತೆಗೆದುಕೋ. ತೆಗೆದುಕೊಳ್ಳಲಿ, ಆದರೆ ಸ್ಟಾಫ್ ರೂಮಿನ ಬೋರ್ಡಿನ ಮೇಲೆ ಬರೆದು ತೆಗೆದುಕೊಳ್ಳಲಿ, ಎರಡು ವಾರದೊಳಗೆ ವಾಪಸ್ ಕೊಡಲಿ. ಬರೆದಿಡುವ ನಿಯಮ ಬಂದ ಮೇಲೆ ಸಾಲ ಕೇಳುವುದೇ ಕಡಿಮೆಯಾಗುತ್ತದೆ.

ಕೊನೆಯದಾಗಿ, ಒಬ್ಬರು ವರ್ಗವಾಗಿ ಹೋದರೆ ಶಾಲೆಯ ಐದನೆಯ ಒಂದು ಪಾಲು ಹೋದಂತೆ. ಅವರ ತಲೆಯಲ್ಲಿದ್ದದ್ದು ಪುಸ್ತಕಕ್ಕೆ ಇಳಿದಿರದಿದ್ದರೆ ಹೊಸಬರು ಮೊದಲ ಮೂರು ತಿಂಗಳು ಕತ್ತಲಲ್ಲಿ ತಡಕಾಡುತ್ತಾರೆ. ವಿಷಯಕ್ಕೊಂದು ನೋಟ್‌ಬುಕ್ ಶಾಲೆಯಲ್ಲೇ ಉಳಿಯಬೇಕು, ಮನೆಗೆ ಒಯ್ಯುವ ಹಾಗಿಲ್ಲ. ಅದರಲ್ಲಿ ಬರೆದಿರಬೇಕಾದದ್ದು ಇಷ್ಟು: ಎರಡು ವರ್ಷದ ಸರದಿಯಲ್ಲಿ ಈಗ ಎಲ್ಲಿದ್ದೇವೆ, ಯಾವ ಅಧ್ಯಾಯವನ್ನು ಯಾರಿಗೋಸ್ಕರ ಮುಂದಕ್ಕೆ ತಂದಿದ್ದೇವೆ, ಒಂಬತ್ತರಲ್ಲಿ ಯಾರಿಗೆ ಓದು ನಿಧಾನ, ಯಾರಿಗೆ ಹಿಂದಿನ ಬೆಂಚಿನಿಂದ ಬೋರ್ಡು ಕಾಣುವುದಿಲ್ಲ, ಬದಲಿ ಪಾಠದ ಫೈಲು ಯಾವ ಕಪಾಟಿನಲ್ಲಿದೆ, ಕಪಾಟಿನ ಬೀಗದ ಕೈ ಯಾರ ಹತ್ತಿರ ಇದೆ, ಆರು ಬ್ಯೂರೆಟ್ಟುಗಳಲ್ಲಿ ಯಾವುದರ ನಲ್ಲಿ ಸೋರುತ್ತದೆ.